ಹಳೇ ಬಾಗಲಕೋಟೆಯ ಮದುವೆ ವಿಸಿಡಿ, ಹೊಸ ಕಂಪ್ಯೂಟರಿನ ತಕರಾರು

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು ಹೋದವು. ನವನಗರಕ್ಕೆ ಬಂದವರ ಪಾಲಿಗೆ ಆ ಪಡಸಾಲೆ, ಆ ಅಂಗಳ ಎಲ್ಲಾದರೂ ಉಳಿದಿದ್ದರೆ ಮದುವೆಯ ವಿಸಿಡಿಯಲ್ಲೋ ಯಾವುದೋ ಎವಿಐ ಫೈಲಿನಲ್ಲೋ ಇರಬೇಕು. ಹೊಸ ಕಂಪ್ಯೂಟರು ‘ಕೊಡೆಕ್ ಇಲ್ಲ’ ಎಂದರೆ ಫೈಲು ಕೆಟ್ಟಿದೆ ಎಂದಲ್ಲ, ಒತ್ತಿಟ್ಟ ಚಿತ್ರವನ್ನು ಬಿಡಿಸುವ ತಂತ್ರಾಂಶ ಅದರಲ್ಲಿಲ್ಲ ಎಂದಷ್ಟೇ.

1991ರ ಡಿಸೆಂಬರಿನಲ್ಲಿ ಕಂಪ್ಯೂಟರಿನಲ್ಲಿ ವಿಡಿಯೊ ಓಡಿಸುವ ಆ್ಯಪಲ್‌ನ ಕ್ವಿಕ್‌ಟೈಮ್ ಬಂತು, ಮರುವರ್ಷ ನವೆಂಬರಿನಲ್ಲಿ ಮೈಕ್ರೋಸಾಫ್ಟ್‌ನ ವಿಡಿಯೊ ಫಾರ್ ವಿಂಡೋಸ್. ಅದರ ಎವಿಐ ಫೈಲು ಬರೀ ಡಬ್ಬಿ. ಒಳಗಿನ ಚಿತ್ರವನ್ನು ಒತ್ತಿಟ್ಟ ಕೊಡೆಕ್ ಸಿನೆಪ್ಯಾಕ್ ಇರಬಹುದು, ಇಂಟೆಲ್‌ನ ಇಂಡಿಯೊ ಇರಬಹುದು. ಅದನ್ನು ಬಿಡಿಸುವ ಡಿಎಲ್‌ಎಲ್ ಎಂಬ ತಂತ್ರಾಂಶದ ತುಣುಕಿಗಾಗಿ ಪ್ಲೇಯರು ವಿಂಡೋಸ್‌ನ ಮೊರೆ ಹೋಗುತ್ತಿತ್ತು. ಆ ಡಿಎಲ್‌ಎಲ್‌ಗಳು 32 ಬಿಟ್‌ನವು. 64 ಬಿಟ್ ಪ್ಲೇಯರು ಅವನ್ನು ತನ್ನೊಳಗೆ ಲೋಡ್ ಮಾಡಿಕೊಳ್ಳಲಾರದು. ಕೊಡೆಕ್ ಹಾಕಿಕೊಂಡರೂ ಪರದೆ ಕಪ್ಪಾಗಿರಲು ಇದೇ ಕಾರಣ. ಮೇಲೆ ಭದ್ರತೆಯ ಕಾಟ: 2009ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿಯಲ್ಲಿ ಇಂಡಿಯೊಗೆ ಕಡಿವಾಣ ಹಾಕಿತು. ವಿಂಡೋಸ್‌ನಿಂದ ಕ್ವಿಕ್‌ಟೈಮ್ ತೆಗೆದುಬಿಡಿ ಎಂದು 2016ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ ಸೈಬರ್ ವಿಭಾಗವೇ ಹೇಳಿತು. 2019ರ ಮ್ಯಾಕ್ ಕ್ಯಾಟಲಿನಾ 32 ಬಿಟ್ ತಂತ್ರಾಂಶವನ್ನೇ ಕೈಬಿಟ್ಟಿತು. ಹೀಗಿರುವಾಗ ಎಲ್ಲಿಂದಲೋ ‘ಕೊಡೆಕ್ ಪ್ಯಾಕ್’ ಇಳಿಸಿಕೊಳ್ಳುವುದು ಸುಮ್ಮನೆ ಅಪಾಯ ತಂದುಕೊಂಡಂತೆ. ವಿಎಲ್‌ಸಿ ಪ್ಲೇಯರು, ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಎರಡೂ ಇವನ್ನೆಲ್ಲ ಬಿಡಿಸುವ ವಿದ್ಯೆಯನ್ನು ತಮ್ಮೊಳಗೇ ಇಟ್ಟುಕೊಂಡಿವೆ.

ವಿಸಿಡಿಯ ತೊಂದರೆ ಬೇರೆ. 1993ರ ಈ ಮಾನದಂಡದ ಎಂಪೆಗ್-1 ವಿಡಿಯೊ (ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ 352×288, ಸೆಕೆಂಡಿಗೆ 25 ಚಿತ್ರ) ಇಂದಿಗೂ ಸಲೀಸಾಗಿ ಓಡುತ್ತದೆ. ಕೈಕೊಡುವುದು ಡಿಸ್ಕು. ಡೇಟಾ ಸಿಡಿಯ ಪ್ರತಿ ಸೆಕ್ಟರಿನಲ್ಲಿ (ಡಿಸ್ಕಿನ ಒಂದು ತುಣುಕಿನಲ್ಲಿ) 2048 ಬೈಟ್ ಮಾಹಿತಿ, ಉಳಿದಿದ್ದರಲ್ಲಿ ತಪ್ಪು ತಿದ್ದುವ ಹೆಚ್ಚುವರಿ ಸಂಕೇತ. ವಿಸಿಡಿ ಆ ಜಾಗವನ್ನೂ ಚಿತ್ರಕ್ಕೆ ಕೊಟ್ಟು 2324 ಬೈಟ್ ತುಂಬುತ್ತದೆ. ಹಾಗಾಗಿ ಸಣ್ಣ ಗೀರಿಗೂ ಕಾಪಿ ಅರ್ಧಕ್ಕೆ ನಿಲ್ಲಬಹುದು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಬೇಡಿ. ಆಗದಿದ್ದರೆ ಇನ್ನೊಂದು ಡ್ರೈವ್ ಹಚ್ಚಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುವುದುಂಟು.

ಎಂಪೆಗ್‌ಎವಿ ಫೋಲ್ಡರಿನ ‘AVSEQ01.DAT’ ಫೈಲನ್ನು ಹಾರ್ಡ್ ಡಿಸ್ಕಿಗೆ ತಂದುಕೊಳ್ಳಿ. ಹೆಸರಿನ ಕೊನೆಯನ್ನು ಎಂಪಿಜಿ ಎಂದು ಬದಲಿಸುವ ಹಳೇ ಉಪಾಯದಿಂದ ಸೆಕ್ಟರಿನ ತಲೆಪಟ್ಟಿಗಳು ಒಳಗೇ ಉಳಿದು ಕೆಲವು ಪ್ಲೇಯರುಗಳು ಮುಗ್ಗರಿಸುತ್ತವೆ. ಎಫ್‌ಎಫ್‌ಎಂಪೆಗ್‌ನಲ್ಲಿ, ಚಿತ್ರವನ್ನು ಮತ್ತೆ ಒತ್ತದ ‘ಕಾಪಿ’ ಆಯ್ಕೆ ಕೊಟ್ಟು ಎಂಪಿಜಿಗೆ ಬರೆಸಿ. ಗುಣಮಟ್ಟ ಒಂದಿಷ್ಟೂ ಇಳಿಯದು.

ಎವಿಐಗಳನ್ನು ಮಾತ್ರ ಹೊಸದಾಗಿ ಎನ್‌ಕೋಡ್ ಮಾಡಬೇಕು: ಎಚ್.264 ಕೊಡೆಕ್, ಗುಣಮಟ್ಟ ನಿರ್ಧರಿಸುವ ಅಂಕ ಸಿಆರ್‌ಎಫ್ 18. ಸಿನೆಪ್ಯಾಕ್ ಬಿಚ್ಚಿದಾಗ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬಣ್ಣ ಬರುವುದರಿಂದ ಎನ್‌ಕೋಡರು ತಾನಾಗಿ ಬಣ್ಣದ ವಿವರ ಕುಗ್ಗಿಸದ 4:4:4 ಬಗೆಯನ್ನು ಆರಿಸಿಕೊಳ್ಳುತ್ತದೆ. ಅಂಥ ಫೈಲು ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿ, ಟಿವಿಯಲ್ಲೂ ಮೊಬೈಲಿನಲ್ಲೂ ಕೈಕೊಡುತ್ತದೆ. ಪಿಕ್ಸೆಲ್ ಫಾರ್ಮ್ಯಾಟ್ ‘yuv420p’ ಎಂದು ನೀವೇ ನಮೂದಿಸಿ. ಮೂಲ ಎವಿಐ ಅಳಿಸಬೇಡಿ.