ಲಾಭ ಜಾಸ್ತಿ ಕಂಡರೆ ಅಪಾಯ ಕಡಿಮೆ ಕಾಣುವುದೇಕೆ? ಅಣುವಿದ್ಯುತ್ ಮತ್ತು ಜನರ ಮನಸ್ಸು

ಜನ ಅಪಾಯವನ್ನು ಹೇಗೆ ಅಳೆಯುತ್ತಾರೆ ಎಂಬ ವಿಷಯ ಓದುವವರೆಲ್ಲ ಶುರು ಮಾಡುವುದು ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಮತ್ತು ಸಂಗಡಿಗರಿಂದ. 1970ರ ದಶಕದ ಕೊನೆಗೆ ಅಮೆರಿಕದಲ್ಲಿ 30 ಚಟುವಟಿಕೆ, ತಂತ್ರಜ್ಞಾನಗಳನ್ನು ಅಪಾಯದ ಪ್ರಕಾರ ಜೋಡಿಸಲು ಕೇಳಿದರು. ಕಾಲೇಜು ವಿದ್ಯಾರ್ಥಿಗಳು ಅಣುವಿದ್ಯುತ್ತನ್ನು 1ನೇ ಸ್ಥಾನದಲ್ಲಿ, ಅಂದರೆ ಎಲ್ಲಕ್ಕಿಂತ ಅಪಾಯದ್ದು ಎಂದು ಇಟ್ಟರು. ತಜ್ಞರು 20ನೇ ಸ್ಥಾನದಲ್ಲಿಟ್ಟರು.

ಜನರಿಗೆ ಲೆಕ್ಕ ಗೊತ್ತಿಲ್ಲ ಅಂತ ಇಲ್ಲಿಗೇ ನಿಲ್ಲಿಸಬೇಡಿ. ಸಾಮಾನ್ಯ ವರ್ಷದಲ್ಲಿ ಎಷ್ಟು ಜನ ಸಾಯಬಹುದು ಎಂದು ಕೇಳಿದಾಗ, ಅದೇ ವಿದ್ಯಾರ್ಥಿಗಳು 30ರಲ್ಲಿ ಅತಿ ಕಡಿಮೆ ಸಂಖ್ಯೆ ಹೇಳಿದ್ದು ಅಣುವಿದ್ಯುತ್ತಿಗೇ! ಅವರು ಹೆದರಿದ್ದು ದೊಡ್ಡ ಅಪಘಾತ ಆಗಬಹುದಾದ ಆ ಒಂದು ಕೆಟ್ಟ ವರ್ಷಕ್ಕೆ. ಕೈಮೀರಿ ಹೋಗುವುದು, ಮುಂದಿನ ಪೀಳಿಗೆಗೂ ತಟ್ಟುವುದು, ಕಣ್ಣಿಗೆ ಕಾಣದಿರುವುದು, ನಮ್ಮನ್ನು ಕೇಳದೆ ಹೇರುವುದು: ಜನ ತೂಗಿ ನೋಡುವುದು ಇವನ್ನೆಲ್ಲ.

ಈಗ ನನಗೆ ತುಂಬಾ ಹೊತ್ತು ಹಿಡಿದ ಭಾಗ. ಹೊರಗಿನ ಜಗತ್ತಿನಲ್ಲಿ ದೊಡ್ಡ ಅಪಾಯದ ಕೆಲಸವನ್ನು ಜನ ಒಪ್ಪಿಕೊಳ್ಳಬೇಕಾದರೆ ಲಾಭವೂ ದೊಡ್ಡದಿರಬೇಕು. ಅಂದರೆ ಎರಡೂ ಒಟ್ಟಿಗೆ ಏರಬೇಕು. ಆದರೆ ಜನರ ಉತ್ತರಗಳಲ್ಲಿ ಉಲ್ಟಾ: ಲಾಭ ಜಾಸ್ತಿ ಎಂದವರು ಅಪಾಯ ಕಡಿಮೆ ಎನ್ನುತ್ತಾರೆ. ಯಾಕೆ? 2000ರಲ್ಲಿ ಫಿನುಕೇನ್, ಸ್ಲೋವಿಕ್ ಮತ್ತು ಇತರರು ಪ್ರಕಟಿಸಿದ ಪ್ರಯೋಗ ನೋಡಿ. ಒಂದು ಗುಂಪಿಗೆ ಅಣುವಿದ್ಯುತ್ತಿನ ಲಾಭ ದೊಡ್ಡದು ಎಂದಷ್ಟೇ ಹೇಳಿದರು. ಅಪಾಯದ ಬಗ್ಗೆ ಒಂದು ಮಾತೂ ಇಲ್ಲ. ಆದರೂ ಆ ಗುಂಪಿನಲ್ಲಿ ಅಪಾಯದ ಅಂದಾಜು ಇಳಿಯಿತು. ಇನ್ನೊಂದು ಗುಂಪಿಗೆ ಅಪಾಯ ದೊಡ್ಡದು ಎಂದರು, ಅಲ್ಲಿ ಲಾಭದ ಅಂದಾಜು ಕುಸಿಯಿತು. ಎಲ್ಲರಲ್ಲೂ ಹೀಗಾಗಲಿಲ್ಲ, ಆದರೆ ಸಾಕಷ್ಟು ಜನರಲ್ಲಿ ಆಯಿತು. ಬೇಗ ಉತ್ತರಿಸಿ ಎಂದು ಅವಸರ ಮಾಡಿದಾಗ ಈ ಉಲ್ಟಾ ಸಂಬಂಧ ಇನ್ನೂ ಗಟ್ಟಿಯಾಯಿತು. ಅಂದರೆ ನಮ್ಮ ತಲೆಯಲ್ಲಿ ಲಾಭಕ್ಕೊಂದು, ಅಪಾಯಕ್ಕೊಂದು ಅಂತ ಬೇರೆ ಬೇರೆ ತಕ್ಕಡಿ ಇಲ್ಲ. ಇರುವುದು ಒಂದೇ ತಕ್ಕಡಿ, ಒಂದು ತಟ್ಟೆ ಒತ್ತಿದರೆ ಇನ್ನೊಂದು ತಾನಾಗಿ ಏಳುತ್ತದೆ. ಒಳ್ಳೆಯದು ಅಥವಾ ಕೆಟ್ಟದ್ದು ಎಂಬ ಅನಿಸಿಕೆ ಮೊದಲು ಬರುತ್ತದೆ, ಎರಡೂ ಅಂದಾಜು ಅದರ ಹಿಂದೆ ಬರುತ್ತವೆ. ಇದನ್ನು ಹಿಡಿದರೆ ಉಳಿದದ್ದು ಸಲೀಸು.

ಜರ್ಮನಿಯನ್ನು ಈ ಒಂದೇ ತಕ್ಕಡಿಯ ಮೇಲೆ ಇಟ್ಟು ನೋಡಿ. 2010ರಲ್ಲಿ ಮರ್ಕೆಲ್ ಸರ್ಕಾರ ರಿಯಾಕ್ಟರ್‌ಗಳ ಆಯಸ್ಸು ಹೆಚ್ಚಿಸಿತ್ತು. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಸುನಾಮಿಯಿಂದ ದೊಡ್ಡ ಅಪಘಾತ ಆಯಿತು. ಜರ್ಮನಿಯ ಒಂದು ರಿಯಾಕ್ಟರೂ ಬದಲಾಗಿರಲಿಲ್ಲ, ಅಲ್ಲಿಗೆ ಅಂಥ ಸುನಾಮಿಯೂ ಬರುವುದಿಲ್ಲ. ಆದರೂ ಕೆಲವೇ ತಿಂಗಳಲ್ಲಿ, 2022ರೊಳಗೆ ಎಲ್ಲ ಮುಚ್ಚುವ ಕಾನೂನು ಬಂತು. ಆಮೇಲೆ 2022ರಲ್ಲಿ ರಷ್ಯಾದ ಗ್ಯಾಸ್ ನಿಂತಾಗ, ಇನ್ನಷ್ಟು ಕಾಲ ನಡೆಸಿ ಎಂದವರೇ ಸಮೀಕ್ಷೆಗಳಲ್ಲಿ ಜಾಸ್ತಿಯಾದರು. ಅಪಾಯದ ಬಗ್ಗೆ ಹೊಸದೇನೂ ಗೊತ್ತಾಗಿರಲಿಲ್ಲ, ಲಾಭ ಕಣ್ಣಿಗೆ ಬಿದ್ದಿತ್ತು ಅಷ್ಟೇ. ಆದರೆ ನೀತಿ ಅಷ್ಟು ಬೇಗ ತಿರುಗಲಿಲ್ಲ. ಕೊನೆಯ ಮೂರು ರಿಯಾಕ್ಟರ್ 2023ರ ಏಪ್ರಿಲ್ 15ರಂದು ನಿಂತವು.

ನಮ್ಮ ಪಕ್ಕದ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಬಗ್ಗೆ ಚಿಕ್ಕದಾಗಿ. 2011ರಲ್ಲಿ ಅಲ್ಲಿನ ಇಡಿಂದಕರೈ ಊರಿನ ಮೀನುಗಾರರ ಹೋರಾಟ ಜೋರಾದಾಗ ಕೇಂದ್ರ ಸರ್ಕಾರ 15 ತಜ್ಞರ ಸಮಿತಿ ನೇಮಿಸಿತು. ಸ್ಥಾವರ ಸುರಕ್ಷಿತ ಎಂದು ಸಮಿತಿ ಹೇಳಿತು, ಹೋರಾಟ ನಿಲ್ಲಲಿಲ್ಲ. ಅವರಿಗೆ ಭೂಕಂಪ, ಸುನಾಮಿಯ ಚಿಂತೆಯ ಜೊತೆಗೆ ಸಮುದ್ರದ ಚಿಂತೆ, ಹೊಟ್ಟೆಪಾಡಿನ ಚಿಂತೆ ಇತ್ತು. ತಮ್ಮನ್ನು ಕೇಳದೆ ನಿರ್ಧಾರ ಮಾಡಿದರು ಎಂಬ ಸಿಟ್ಟೂ ಇತ್ತು. ಇವು ಸುರಕ್ಷತೆಯ ವರದಿಯಿಂದ ತೀರುವ ಪ್ರಶ್ನೆಗಳಲ್ಲ, ಅಲ್ವಾ? ಇವನ್ನು ಜನರ ಅಜ್ಞಾನ ಎಂದು ತಳ್ಳಿಹಾಕುವುದು ತಪ್ಪು ಎಂದೇ ನನ್ನ ಅಭಿಪ್ರಾಯ.