ಅವಳು ನೋಡುವುದು ಚಿತ್ತಾರವನ್ನೋ, ಮರಳನ್ನೋ?

ಕಡಲತಳದಲ್ಲಿ ಪುಟ್ಟ ಗಂಡುಮೀನೊಂದು ಬಿಡಿಸಿದ ಎರಡು ಮೀಟರ್ ಅಗಲದ ಮರಳಿನ ವೃತ್ತದ ಚಿತ್ರ ಹಲವು ವರ್ಷಗಳಿಂದ ಮೊಬೈಲಿನಿಂದ ಮೊಬೈಲಿಗೆ ಸುತ್ತುತ್ತಿದೆ. ಅದರ ಕೆಳಗಿನ ಮಾತು ಮಾತ್ರ ಪ್ರತಿ ಬಾರಿಯೂ ಬೇರೆ. ಒಬ್ಬರು ಅದನ್ನು ಪ್ರೇಮಪತ್ರ ಎನ್ನುತ್ತಾರೆ, ಇನ್ನೊಬ್ಬರು ಕಲಾಕೃತಿ ಎನ್ನುತ್ತಾರೆ, ಮತ್ತೊಬ್ಬರಿಗೆ ಅದು ಮೊಟ್ಟೆಯಿಡುವ ಗೂಡು, ಅಷ್ಟೇ. ಹೆಣ್ಣುಮೀನು ಅಲ್ಲಿ ಏನನ್ನು ನೋಡಿ ಒಪ್ಪುತ್ತದೆ ಎಂಬ ಪ್ರಶ್ನೆಯನ್ನು ಸಂಶೋಧಕರೂ ಪೂರ್ತಿಯಾಗಿ ಬಿಡಿಸಿಲ್ಲ. ಈ ಗೊಂದಲದ ಬೇರು ಆ ಮೀನಿಗಿಂತ ಬಹಳ ಹಿಂದಕ್ಕೆ ಹೋಗುತ್ತದೆ.

ಯುರೋಪಿನ ಕರಾವಳಿಯ ಮರಳುತಳದಲ್ಲಿ ಡ್ರ್ಯಾಗನೆಟ್ ಎಂಬ ಮೀನಿದೆ. ಗಂಡು ಹಳದಿ ಮೈಯ ಮೇಲೆ ನೀಲಿ ಗೆರೆ ಹೊತ್ತ, ಎತ್ತರದ ಬೆನ್ನುರೆಕ್ಕೆಯ ಸೊಗಸುಗಾರ. ಹೆಣ್ಣು ಮರಳಿನಲ್ಲಿ ಮರೆಯಾಗುವ ಮಂಕು ಕಂದು. ಎರಡನ್ನೂ ಬೇರೆ ಬೇರೆ ಜಾತಿಯೆಂದು ತಿಳಿದು, ಜೀವಿಗಳನ್ನು ವರ್ಗೀಕರಿಸಿ ಹೆಸರಿಟ್ಟ ವಿಜ್ಞಾನಿ ಲಿನೇಯಸ್ 1758ರಲ್ಲಿ ಎರಡು ಹೆಸರು ಕೊಟ್ಟಿದ್ದ. 1871ರಲ್ಲಿ ಡಾರ್ವಿನ್ ಇದೇ ಮೀನನ್ನು ಉದಾಹರಿಸಿ, ಗಂಡಿನ ಬೆಡಗಿಗೆ ಹೆಣ್ಣಿನ ಆಯ್ಕೆಯೇ ಕಾರಣವೆಂದು ವಾದಿಸಿದ. ಹೆಣ್ಣುಪ್ರಾಣಿಗೆ ಸೌಂದರ್ಯದ ಅಭಿರುಚಿ ಇರುತ್ತದೆ ಎಂಬುದನ್ನು ಅವನ ಸಮಕಾಲೀನ ಜೀವವಿಜ್ಞಾನಿ ವಾಲೇಸ್ ಒಪ್ಪಲಿಲ್ಲ. ಅಲ್ಲಿಂದ ಮುಂದೆ ಈ ಜಗಳ ಕೆಲವೊಮ್ಮೆ ಕಾವೇರಿ, ಕೆಲವೊಮ್ಮೆ ತಣ್ಣಗಾಗಿ ಶತಮಾನವನ್ನೇ ದಾಟಿತು; ನಡುವೆ ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸಿದ ನಿಕೊ ಟಿಂಬರ್ಗೆನ್ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಕೆಂಪು ಹೊಟ್ಟೆ ಮತ್ತು ಅಂಕುಡೊಂಕು ನರ್ತನವನ್ನು ಗಾಜಿನ ತೊಟ್ಟಿಯಲ್ಲಿ ಅಳೆದು ನೋಡಿದ್ದು ದೊಡ್ಡ ತಿರುವು.

ತೊಟ್ಟಿಯಿಂದ ಹೊರಗೆ, ಮೀನು ಬದುಕುವ ತಳದಲ್ಲೇ ಕುಳಿತು ನೋಡುವ ಕೆಲಸ ನಿಧಾನವಾಗಿ ಶುರುವಾಯಿತು. ಆಫ್ರಿಕಾದ ಮಲಾವಿ ಸರೋವರದಲ್ಲಿ ಸಿಕ್ಲಿಡ್ ಎಂಬ ಮೀನಿನ ಗಂಡುಗಳು ಬಾಯಿತುಂಬ ಮರಳು ಹೊತ್ತು ತಂದು ದಿಬ್ಬ ಕಟ್ಟುತ್ತವೆ. ದಿಬ್ಬ ದೊಡ್ಡದಾದಷ್ಟೂ ಗಂಡಿಗೆ ಸಂಗಾತಿಗಳು ಹೆಚ್ಚು ಎಂದು 1990ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟರೂ ಅವನ್ನು ಕೂಡಲೇ ಬಾಯಿಯೊಳಗೆ ಎತ್ತಿಕೊಂಡು ಹೊರಟುಬಿಡುತ್ತದೆ. ಅಂದರೆ ಮರಿಗಳಿಗೆ ಆ ದಿಬ್ಬದಿಂದ ಆಗಬೇಕಾದದ್ದೇನೂ ಇಲ್ಲ. ಅದು ಪೂರ್ತಿಯಾಗಿ ಪ್ರದರ್ಶನ. ಮುಂದೆ ಜಪಾನಿನ ಕಡಲಲ್ಲಿ ಸಿಕ್ಕಿದ ವೃತ್ತವನ್ನೂ ಬಹಳ ಜನ ಇದೇ ಕಣ್ಣಿನಿಂದ ನೋಡಿದರು. ತೊಡಕು ಶುರುವಾದದ್ದು ಅಲ್ಲಿಯೇ ಎಂದು ನನ್ನ ಎಣಿಕೆ.

ಜಪಾನಿನ ದಕ್ಷಿಣಕ್ಕಿರುವ ಅಮಾಮಿ ಓಶಿಮಾ ದ್ವೀಪದ ಬಳಿ ಮುಳುಗುಗಾರರು ಈ ವೃತ್ತಗಳನ್ನು ಕಂಡದ್ದು 1995ರ ಸುಮಾರಿಗೆ. 10ರಿಂದ 27 ಮೀಟರ್ ಆಳ, ಬರಿಯ ಮರಳು, ಅದರ ನಡುವೆ ಕೈವಾರ ಹಿಡಿದು ಎಳೆದಂಥ ಆಕೃತಿ. ಹೊರಸುತ್ತಿನಲ್ಲಿ ಏಣು ಮತ್ತು ಕಾಲುವೆಗಳು ಸೈಕಲ್ ಚಕ್ರದ ಕಡ್ಡಿಗಳಂತೆ ನಡುವಿನತ್ತ ಹೋಗುತ್ತವೆ. ಮಾಡಿದವರು ಯಾರೆಂದು ತಿಳಿಯದೆ ಅಲ್ಲಿನವರು ಅದನ್ನು ನಿಗೂಢ ವೃತ್ತವೆಂದೇ ಕರೆದರು. ಉತ್ತರ ಸಿಗಲು ಹದಿನಾರು ವರ್ಷ ಬೇಕಾಯಿತು. 2011ರಲ್ಲಿ ನೀರೊಳಗಿನ ಛಾಯಾಗ್ರಾಹಕ ಯೋಜಿ ಓಕಾಟ ಮತ್ತು ಜೊತೆಗಾರರು ಕೆಲಸಗಾರನನ್ನು ಕಣ್ಣಾರೆ ಕಂಡರು: ಅಂಗೈಯಷ್ಟುದ್ದದ, ಸುಮಾರು 10 ಸೆಂಟಿಮೀಟರಿನ ಒಂದು ಗಂಡು ಪಫರ್ ಮೀನು. ಹಿರೋಶಿ ಕವಾಸೆ ಅವರೊಂದಿಗೆ ಓಕಾಟ ಅವರೂ ಲೇಖಕರಾಗಿರುವ ಸಂಶೋಧನಾ ಪ್ರಬಂಧ 2013ರಲ್ಲಿ ಹೊರಬಂತು. ಮೀನಿಗೆ ಹೆಸರು ಸಿಕ್ಕಿದ್ದು ಅದರ ಮರುವರ್ಷ. ಕೇಯಿಚಿ ಮಾತ್ಸುರ ಅದನ್ನು ಹೊಸ ಜಾತಿಯೆಂದು ವಿವರಿಸಿ ಟಾರ್ಕ್ವಿಜೆನರ್ ಆಲ್ಬೊಮ್ಯಾಕ್ಯುಲೋಸಸ್ ಎಂದು ಕರೆದರು. ಮೈಮೇಲಿನ ಬಿಳಿ ಚುಕ್ಕೆಗಳಿಗಾಗಿ ಜಪಾನೀ ಭಾಷೆಯಲ್ಲಿ ಅದಕ್ಕೆ ನಕ್ಷತ್ರ ತುಂಬಿದ ಬಾನಿನ ಹೆಸರಿದೆ.

ವೃತ್ತ ಮುಗಿಯಲು ಏಳರಿಂದ ಒಂಬತ್ತು ದಿನ ಹಿಡಿಯುತ್ತದೆ. ಗಂಡು ತಳಕ್ಕೆ ಮೈಯೊತ್ತಿ, ಈಜುರೆಕ್ಕೆ ಮತ್ತು ಬಾಲವನ್ನು ಬಡಿಯುತ್ತಾ ಹೊರಗಿನಿಂದ ನಡುವಿಗೆ ನೇರವಾಗಿ ನುಗ್ಗುತ್ತದೆ. ಹಿಂದೆ ಮರಳಿನ ಮೋಡವೇಳುತ್ತದೆ, ಕಾಲುವೆ ಉಳಿಯುತ್ತದೆ. ಮತ್ತೆ ಹೊರಗೆ ಹೋಗಿ ಇನ್ನೊಂದು ದಿಕ್ಕಿನಿಂದ ನುಗ್ಗುತ್ತದೆ. ಕಾಲುವೆಗೆ ಬಿದ್ದ ಕಸಕಡ್ಡಿಯನ್ನು ಬಾಯಲ್ಲಿ ಕಚ್ಚಿ ಹೊರಗೆ ಹಾಕುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಏಣುಗಳ ಮೇಲೆ ಚಿಪ್ಪಿನ, ಹವಳದ ಚೂರುಗಳನ್ನು ಇಡುತ್ತದೆ. ಕೊನೆಯಲ್ಲಿ ನಡುವಿನ ನಯವಾದ ಮರಳಿನ ಮೇಲೆ ಗೊತ್ತುಗುರಿಯಿಲ್ಲದಂತೆ ಕಾಣುವ ಸಣ್ಣ ಗೆರೆಗಳನ್ನು ಎಳೆಯುತ್ತದೆ. ಈ ಗೆರೆಗಳು ಮೂಡಿದ ಮೇಲೆಯೇ ಹೆಣ್ಣುಗಳು ಬರುವುದು. ಹೆಣ್ಣು ಹತ್ತಿರ ಬಂದಾಗ ಗಂಡು ನಡುವಿನ ನುಣ್ಣನೆಯ ಮರಳನ್ನು ಕದಡಿ ಮೇಲೆಬ್ಬಿಸುತ್ತದೆ, ಅವಳತ್ತ ಧಾವಿಸಿ ಹಿಂದೆ ಸರಿಯುತ್ತದೆ, ಮತ್ತೆ ಧಾವಿಸುತ್ತದೆ. ಒಪ್ಪಿಗೆಯಾದರೆ ಅವಳು ನಡುವಿಗೆ ಇಳಿಯುತ್ತಾಳೆ. ಅವಳ ಎಡಗೆನ್ನೆಯನ್ನು ಗಂಡು ಕಚ್ಚಿ ಹಿಡಿಯುತ್ತದೆ, ಕೆಲವೇ ಕ್ಷಣಗಳಲ್ಲಿ ಮೊಟ್ಟೆಗಳು ಮರಳಿಗೆ ಸೇರುತ್ತವೆ. ಆಮೇಲೆ ಅವಳು ಹೊರಟುಹೋಗುತ್ತಾಳೆ. ಮರಿಯಾಗುವವರೆಗೆ, ಸುಮಾರು ಆರು ದಿನ, ಕಾವಲು ಗಂಡಿನದು.

ಆ ಆರು ದಿನಗಳಲ್ಲಿ ನಡೆಯುವುದು ಚಿತ್ರಗಳಲ್ಲಿ ಬರುವುದಿಲ್ಲ, ಆದರೆ ಚರ್ಚೆಗೆ ಬೇಕಾದದ್ದು ಅದೇ. ಗಂಡು ವೃತ್ತವನ್ನು ದುರಸ್ತಿ ಮಾಡುವುದಿಲ್ಲ. ಏಣುಗಳು ನೀರಿನ ಸೆಳೆತಕ್ಕೆ ಕುಸಿದು ಸಮವಾಗುತ್ತವೆ. ಮರಿಗಳಾದ ಮೇಲೆ ಹಳೆಯದನ್ನು ಎತ್ತಿ ಕಟ್ಟುವ ಬದಲು ಗಂಡು ಬೇರೆಡೆ ಹೊಸದಾಗಿ ಆರಂಭಿಸುತ್ತದೆ. ಯಾಕೆ? ಸಂಶೋಧಕರು ವೃತ್ತದ ಮಾದರಿಯ ಮೇಲೆ ನೀರು ಹರಿಸಿ ನೋಡಿದಾಗ, ಹರಿವು ಬರುವ ಕಡೆಯ ಕಾಲುವೆಗಳು ನೀರನ್ನು ನಡುವಿಗೆ ತರುತ್ತವೆ, ನಡುವಿನಲ್ಲಿ ಅದರ ವೇಗ ಸುಮಾರು ಕಾಲು ಭಾಗ ತಗ್ಗುತ್ತದೆ ಎಂದು ಕಂಡಿತು. ಕಾಲುವೆ ತೋಡಿದಾಗ ಎದ್ದ ನುಣ್ಣನೆಯ ಕಣಗಳು ಹೀಗೆ ನಡುವಿಗೆ ಸೇರುತ್ತವೆ, ಮೊಟ್ಟೆಗಳು ಅಂಟಿಕೊಳ್ಳುವುದು ಆ ಕಣಗಳಿಗೇ. ಒಮ್ಮೆ ತೋಡಿದ ಕಾಲುವೆಯಲ್ಲಿ ಅಂಥ ಮರಳು ಮತ್ತೆ ಸಾಕಷ್ಟು ಸಿಗಲಾರದು, ಹೊಸ ಜಾಗ ಹುಡುಕಲು ಅದೇ ಕಾರಣವಿರಬಹುದು ಎಂಬುದು ಅವರ ಊಹೆ. ಹಾಗಿದ್ದರೆ ಅವಳು ಪರೀಕ್ಷಿಸುತ್ತಿರುವುದು ಚಿತ್ತಾರದ ಅಂದವನ್ನೇ ಆಗಿರಬೇಕಿಲ್ಲ, ಮರಳಿನ ನಯವೂ ಆಗಿರಬಹುದು. ಎರಡೂ ಸೇರಿಯೂ ಇರಬಹುದು. ಚಿತ್ರ ಹಂಚಿಕೊಳ್ಳುವಾಗ ನಮಗೆ ಕಾಣುವುದು ಚಿತ್ತಾರವೊಂದೇ, ಏಕೆಂದರೆ ಚಿತ್ರದಲ್ಲಿ ಮರಳನ್ನು ಮುಟ್ಟಲಾಗುವುದಿಲ್ಲ.

ಕಲಾವಿದನೆಂಬ ಮಾತಿಗೆ ಇನ್ನೊಂದು ಪ್ರಶ್ನೆಯೂ ಬಂತು. 2018ರಲ್ಲಿ ಜಪಾನಿನ ಸಂಶೋಧಕರು ಮೀನಿನ ಓಡಾಟವನ್ನು ವಿಡಿಯೊದಿಂದ ಅಳೆದು, ತೋಡುವ ಕೆಲವು ಸರಳ ನಿಯಮಗಳನ್ನು ಕಂಪ್ಯೂಟರಿಗೆ ಕೊಟ್ಟರು. ಪೂರ್ವಯೋಜನೆಯ ನಕ್ಷೆಯಿಲ್ಲದೆ ಪರದೆಯ ಮೇಲೆ ಹೊರಸುತ್ತಿನ ಕಾಲುವೆಗಳು ಮೂಡಿದವು. ಇದರಿಂದ ಮೀನಿನ ಕೆಲಸ ಕಿರಿದಾಯಿತೆಂದು ಕೆಲವರಿಗೆ ಅನಿಸಿದೆ. ನನಗೆ ಹಾಗನಿಸುವುದಿಲ್ಲ. ನಕ್ಷೆಯಿಲ್ಲದೆ, ತನ್ನ ಮೈಯ ಇಪ್ಪತ್ತು ಪಟ್ಟು ಅಗಲದ ವೃತ್ತವನ್ನು ಒಳಗಿನಿಂದಲೇ ಕಟ್ಟುವುದು ಇನ್ನೂ ಹೆಚ್ಚಿನ ಬೆರಗು.

ವೃತ್ತಗಳು ಅಮಾಮಿಯ ಸ್ವತ್ತು ಎಂಬ ನಂಬಿಕೆಯೂ ಹೋಯಿತು. ಪಶ್ಚಿಮ ಆಸ್ಟ್ರೇಲಿಯಾದ ವಾಯವ್ಯ ಕರಾವಳಿಯಾಚೆ, ತೈಲ ಮತ್ತು ಅನಿಲದ ಸ್ಥಾವರಗಳಿರುವ ತಳವನ್ನು ಯಂತ್ರಗಳು ಚಿತ್ರೀಕರಿಸುತ್ತಿದ್ದಾಗ ಅಂಥವೇ ಇಪ್ಪತ್ತಕ್ಕೂ ಹೆಚ್ಚು ವೃತ್ತಗಳು ಕಂಡವು, 2020ರಲ್ಲಿ ವರದಿಯಾಯಿತು. ಜಪಾನಿನಿಂದ ದೂರ ಸುಮಾರು 5,500 ಕಿಲೋಮೀಟರ್, ಆಳ 130 ಮೀಟರಿನ ಆಸುಪಾಸು. ಅಷ್ಟು ಆಳಕ್ಕೆ ಇಳಿಯುವ ಬೆಳಕು ತೀರಾ ಕಡಿಮೆ. ನೋಟಕ್ಕಾಗಿಯೇ ಕಟ್ಟಿದ್ದಾದರೆ ಆ ಮಬ್ಬಿನಲ್ಲಿ ಅದು ಅವಳಿಗೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಇದರೊಂದಿಗೆ ಸೇರಿಕೊಂಡಿತು. ಅಲ್ಲಿ ಹವಳವಿಲ್ಲ, ಬಂಡೆಯಿಲ್ಲ, ಬರಿಯ ಮರಳು. ಕಡಲತಳವನ್ನು ಅಗೆಯುವ, ಕೊಳವೆ ಹಾಕುವ, ಬಲೆ ಎಳೆಯುವ ಮೊದಲು ಇಂಥ ಜಾಗವನ್ನು ಖಾಲಿಯೆಂದು ಬರೆದುಕೊಳ್ಳುವುದು ಎಷ್ಟು ಸುಲಭವೆಂದು ಯೋಚಿಸಿದಾಗ ಆತಂಕವಾಗುತ್ತದೆ.

2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಬಂಧದಲ್ಲಿ ಅಮಾಮಿಯ ವೃತ್ತದ ತೀರಾ ಮೊದಲ ಹಂತ ದಾಖಲಾಗಿದೆ. ಏಣಿಲ್ಲ, ಕಾಲುವೆಯಿಲ್ಲ, ಚಿಪ್ಪಿಲ್ಲ. ಗಂಡು ಹೊಟ್ಟೆಯೊತ್ತಿ ಮಾಡಿದ ಹಲವು ಹತ್ತು ಸಣ್ಣ ತಗ್ಗುಗಳು ಮರಳಿನ ಮೇಲೆ ಅಡ್ಡಾದಿಡ್ಡಿಯಾಗಿ ಚೆಲ್ಲಿವೆ. ಅದರ ಮೇಲೆ ಈಜಿಹೋದ ಮುಳುಗುಗಾರನಿಗೆ ಅಲ್ಲಿ ಯಾವುದೋ ಕೆಲಸ ಶುರುವಾಗಿದೆಯೆಂದು ಅನಿಸುವುದೇ ಇಲ್ಲ.