ಇನೆಸ್ ಬರೆದ ಹೂಬಿಟ್ಟ ತೋಟ ಇಷ್ಟು ಮಸುಕು ಯಾಕೆ?

ಪ್ರಶ್ನೆ: ಅಮೆರಿಕದ ಚಿತ್ರಕಾರ ಜಾರ್ಜ್ ಇನೆಸ್ ಅವರ 'ಸ್ಪ್ರಿಂಗ್ ಬ್ಲಾಸಮ್ಸ್, ಮಾಂಟ್‌ಕ್ಲೇರ್' ಪೇಂಟಿಂಗ್ ನೋಡಿದೆ. ಒಂದು ಹೂವೂ ನೆಟ್ಟಗೆ ಕಾಣಲ್ಲ. ಇದು ಇಂಪ್ರೆಶನಿಸಂ ತಾನೆ?

ಅಲ್ಲ ರೀ. ಆತನ ಎದುರಿಗೆ ಹಾಗಂದಿದ್ರೆ ಚೆನ್ನಾಗಿ ಉಗಿಸ್ಕೊಳ್ತಿದ್ರಿ. ಇಂಪ್ರೆಶನಿಸ್ಟ್‌ಗಳ ಸಾಲಿಗೆ ಸೇರಿಸಿದ್ರು ಅಂತ 1884ರಲ್ಲಿ ಪತ್ರಿಕೆಯ ಎಡಿಟರ್‌ಗೇ ಸಿಟ್ಟಲ್ಲಿ ಕಾಗದ ಬರೆದಿದ್ದ ಪುಣ್ಯಾತ್ಮ.

ಈ ಚಿತ್ರ ಸುಮಾರು 1891ರದ್ದು, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಫ್ರಾನ್ಸಿನ ಇಂಪ್ರೆಶನಿಸ್ಟ್‌ಗಳು ಬಯಲಲ್ಲೇ ಕ್ಯಾನ್ವಾಸ್ ಇಟ್ಕೊಂಡು ಆ ಹೊತ್ತಿನ ಬಿಸಿಲು ಕಣ್ಣಿಗೆ ಹೇಗೆ ಬೀಳುತ್ತೋ ಹಾಗೆ ಬಿಡಿ ಬಿಡಿ ಬಣ್ಣದಲ್ಲಿ ಹಾಕ್ತಿದ್ರೆ, ಇನೆಸ್ ಕೊನೆಗಾಲದಲ್ಲಿ ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನ ಸ್ಟುಡಿಯೋದಲ್ಲಿ ಕೂತು, ನೋಡಿದ್ದನ್ನ ನೆನಪು ಮಾಡ್ಕೊಂಡು, ತೆಳುವಾಗಿ ಒಂದರ ಮೇಲೊಂದು ಬಣ್ಣ ಬಳಿದು, ಉಜ್ಜಿ, ಮತ್ತೆ ಬಳಿದು ಬರೀತಿದ್ದ, ಅದಕ್ಕೇ ಅಂಚು ಅನ್ನೋದೇ ಸಿಗಲ್ಲ, ಹೂಬಿಟ್ಟ ಮರ ಅಂದ್ರೆ ತಿಳಿ ಬಣ್ಣದ ಹೊಗೆ ಅಷ್ಟೇ.

ಕೈಲಾಗದೆ ಹೀಗೆ ಬರೆದ ಅಂದ್ಕೋಬೇಡಿ. ಸುಮಾರು 1856ರಲ್ಲಿ ಒಂದು ರೈಲ್ವೆ ಕಂಪನಿ ದುಡ್ಡು ಕೊಟ್ಟು ಬರೆಸಿದ 'ಲ್ಯಾಕವಾನ ವ್ಯಾಲಿ' ತೆಗೆದು ನೋಡಿ, ಹೊಗೆ ಬಿಡೋ ರೈಲು, ಅದರ ಶೆಡ್ಡು, ಕಡಿದ ಮರಗಳ ಬೊಡ್ಡೆ, ಎಲ್ಲಾ ಎಣಿಸಬಹುದು.

ಬದಲಾಗಿದ್ದು ತಲೆ. 1860ರ ದಶಕದಲ್ಲಿ ಆತನಿಗೆ ಸ್ವೀಡನ್ನಿನ ಧರ್ಮಚಿಂತಕ ಎಮ್ಯಾನುಯೆಲ್ ಸ್ವೀಡನ್‌ಬೋರ್ಗ್‌ನ ವಿಚಾರ ಹಿಡಿಸ್ತು. ಕಣ್ಣಿಗೆ ಕಾಣೋ ಪ್ರತಿಯೊಂದಕ್ಕೂ ಕಾಣದ ಲೋಕದಲ್ಲಿ ಒಂದು ಜೋಡಿ ಇದೆ ಅನ್ನೋ ಥರದ ನಂಬಿಕೆ ಅದು. ಹಾಗಿದ್ಮೇಲೆ ಎಲೆ ಎಣಿಸಿ ಏನು ಮಾಡ್ತೀರಿ? (ಮಜಾ ಏನಂದ್ರೆ, ಅಮೆರಿಕದ ಊರೂರಲ್ಲಿ ಸೇಬಿನ ನರ್ಸರಿ ಮಾಡ್ತಾ ಹೋದ 'ಜಾನಿ ಆಪಲ್‌ಸೀಡ್' ಅಲಿಯಾಸ್ ಜಾನ್ ಚಾಪ್‌ಮನ್ ಕೂಡ ಇದೇ ಸ್ವೀಡನ್‌ಬೋರ್ಗ್ ಭಕ್ತ, ಸಸಿ ಜೊತೆ ಅವನ ಪುಸ್ತಕಾನೂ ಹಂಚ್ತಿದ್ದ.)

ಇನ್ನೊಂದು ಮಾತು, ಈ ಮಸುಕು ಪೂರ್ತಿ ಸುಳ್ಳೂ ಅಲ್ಲ. ಉದಾಹರಣೆಗೆ ಸೇಬಿನ ಮೊಗ್ಗು ಗುಲಾಬಿ, ಅರಳಿದ್ಮೇಲೆ ಬಿಳಿ, ಜೊತೆಗೇ ಎಳೆ ಎಲೆಯ ಹಸಿರು, ಮೂರೂ ಒಂದೇ ಗೊಂಚಲಲ್ಲಿ ಇರುತ್ವೆ, ಐವತ್ತು ಹೆಜ್ಜೆ ಹಿಂದೆ ಬಂದು ನೋಡಿದ್ರೆ ಯಾವ ಬಣ್ಣ ಅಂತ ಹೇಳೋಕೇ ಆಗಲ್ಲ. ಮೊಬೈಲಲ್ಲಿ ಜೂಮ್ ಮಾಡಿ ಹೂವು ಹುಡುಕಿದ್ರೆ ಸಿಗೋದು ಬರೀ ಬ್ರಷ್ಷಿನ ಗೀರು.